ಫಿಲ್ ಹಾಕಿದ ಕೂಡಲೇ ಸ್ಪೀಡ್ ಏರಿಬಿಡುತ್ತದೆ, ಡ್ರಮ್ಸ್ ಪ್ರಾಕ್ಟೀಸ್ ಹೇಗೆ ಮಾಡಬೇಕು?

ಆರು ತಿಂಗಳಿಂದ ದಿನಾ ಎರಡು ಗಂಟೆ ಹಾಡು ಹಾಕಿಕೊಂಡು ಬಾರಿಸುತ್ತಿದ್ದೀರಿ, ಆದರೂ ಫಿಲ್, ಅಂದರೆ ಮಾಮೂಲಿ ಬೀಟ್ ಬಿಟ್ಟು ನಡುವೆ ಹಾಕುವ ಚಿಕ್ಕ ಪೆಟ್ಟಿನ ಸಾಲು, ಬಂದರೆ ಲಯ ಓಡುತ್ತದೆ, ಇನ್ನೂ ಜಾಸ್ತಿ ಹೊತ್ತು ಕೂರಬೇಕಾ ಅಂತ ಕೇಳಿದ್ದೀರಿ. ಬೇಡ. ಈಗಿರುವುದನ್ನೇ ಕಮ್ಮಿ ಮಾಡಿ. ಹಾಡಿನ ಜೊತೆ ಬಾರಿಸುವಾಗ ಆ ಹಾಡಿನಲ್ಲಿರುವ ಡ್ರಮ್ಮರ್ ನಿಮ್ಮ ತಪ್ಪನ್ನೆಲ್ಲ ಮುಚ್ಚಿಬಿಡುತ್ತಾನೆ, ನಿಮಗೆ ಗೊತ್ತೇ ಆಗುವುದಿಲ್ಲ.

ನಾನು ಸಾಗರದ ಕಡೆಯವನು, ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದೆ. ಒಂದು ಸಲ ಪೆಂಡಾಲಿನಲ್ಲಿ ಹಾಡುತ್ತಿದ್ದವರು ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದರು. ಖುಷಿಯಾಗಿರಬೇಕು ಅಂದುಕೊಂಡು ಇನ್ನೆರಡು ಫಿಲ್ ಸೇರಿಸಿದೆ. ಆಮೇಲೆ ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ನೋಡಿದರೆ, ನಿಮಿಷಕ್ಕೆ 96 ಎಣಿಕೆಯಲ್ಲಿ ಶುರುವಾದ ಹಾಡು 112ಕ್ಕೆ ಹೋಗಿ ಮುಗಿದಿದೆ, ಕೊನೆಯ ಚರಣದಲ್ಲಿ ಪಾಪ ಅವರಿಗೆ ಉಸಿರು ತೆಗೆದುಕೊಳ್ಳುವುದಕ್ಕೂ ಜಾಗ ಇಲ್ಲ.

ಆ ವಿಡಿಯೋವನ್ನು ಹತ್ತಾರು ಸಲ ನೋಡಿದೆ. ಫಿಲ್ ಶುರುವಾಗುವಾಗ ಸರಿಯಾಗೇ ಇತ್ತು. ಕೆಡುತ್ತಿದ್ದದ್ದು ಕೊನೆಯ ನಾಲ್ಕು ಪೆಟ್ಟು. ಕೈ ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ ಫ್ಲೋರ್ ಟಾಮ್‌ನಿಂದ ಎದ್ದು ಮೇಲಿನ ಲೋಹದ ತಟ್ಟೆ ಕ್ರ್ಯಾಶ್‌ಗೆ ಹೋಗಬೇಕಲ್ಲ, ತಡವಾದೀತು ಎನ್ನುವ ಹೆದರಿಕೆಗೆ ಆ ನಾಲ್ಕನ್ನು ಗಡಿಬಿಡಿಯಲ್ಲಿ ಮುಗಿಸಿ ಒಂದನೇ ಎಣಿಕೆಗೆ ಮುಂಚೆಯೇ ಹೋಗಿ ಕೂರುತ್ತಿದ್ದೆ. ನಿಮ್ಮದೂ ಬಹುಶಃ ಇದೇ. ಫಿಲ್ ಕಲಿಯುವುದಲ್ಲ, ಫಿಲ್‌ನಿಂದ ಬೀಟ್‌ಗೆ ವಾಪಸ್ ಬರುವುದನ್ನು ಕಲಿಯಬೇಕು.

ಹೀಗೆ ಮಾಡಿ ನೋಡಿ. ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ 60ಕ್ಕೆ ಇಡಿ. ನಾಲ್ಕು ಎಣಿಕೆಯದು ಒಂದು ಸುತ್ತು ಅಂತಿಟ್ಟುಕೊಳ್ಳಿ. ಮೂರು ಸುತ್ತು ಮಾಮೂಲಿ ಬೀಟ್, ನಾಲ್ಕನೇ ಸುತ್ತು ಪೂರ್ತಿ ಖಾಲಿ. ಕೈ ಎತ್ತಿ ಸುಮ್ನೆ ಕೂರಿ, ಬಾಯಲ್ಲಿ ಜೋರಾಗಿ ಎಣಿಸಿ, ಆಮೇಲೆ ಒಂದಕ್ಕೆ ಕ್ರ್ಯಾಶ್ ಮತ್ತು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಒಟ್ಟಿಗೆ. ನಾಲ್ಕು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ! ಖಾಲಿ ಕೈಯಲ್ಲೇ ಒಂದಕ್ಕೆ ಸರಿಯಾಗಿ ಬರಲಾಗದಿದ್ದರೆ ಹದಿನಾರು ಪೆಟ್ಟು ಹಾಕಿಕೊಂಡು ಬರುವುದು ಹೇಗೆ? ಅದು ಕೂತ ಮೇಲೆ ಆ ಜಾಗದಲ್ಲಿ ಎಣಿಕೆಗೆ ಒಂದರಂತೆ ನಾಲ್ಕು ಪೆಟ್ಟು, ಆಮೇಲೆ ಎಂಟು, ಆಮೇಲೆ ಹದಿನಾರು. ಫಿಲ್ ನಡೆಯುವಾಗಲೂ ಎಡಗಾಲು ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಯ ಪೆಡಲ್ ಮೇಲೆ ಎಣಿಕೆ ತುಳಿಯುತ್ತಲೇ ಇರಬೇಕು. ಬಾಯಿ ನಿಲ್ಲಿಸಬಾರದು. ಯಕ್ಷಗಾನ ಕಲಿಯುವವರು ಬಾಯಿತಾಳ ಹೇಳುತ್ತಾರಲ್ವಾ, ಅದೇ ಇಲ್ಲೂ, ಎಣಿಕೆಗೆ ಒಂದು ತಕಧಿಮಿ ಹೇಳಿಕೊಂಡರೆ ಹದಿನಾರು ಪೆಟ್ಟು ತಾನಾಗಿ ಸಮನಾಗಿ ಬೀಳುತ್ತದೆ. ನಾಲ್ಕೈದು ಸಲ ಸತತವಾಗಿ ತಪ್ಪಿಲ್ಲದೆ ಬಂದರೆ ಮಾತ್ರ 64ಕ್ಕೆ ಏರಿಸಿ. ತಪ್ಪಿದರೆ ನಾಚಿಕೆ ಇಲ್ಲದೆ ಕೆಳಗೆ ಇಳಿಸಿ.

ಇದು ಕೂತ ಮೇಲೆ ಮೆಟ್ರೊನೋಮನ್ನೂ ಅರ್ಧ ಬಾಯಿ ಮುಚ್ಚಿಸಿ. 80ರಲ್ಲಿ ಬಾರಿಸಬೇಕಾದದ್ದಕ್ಕೆ 40 ಇಟ್ಟು, ಆ ಸದ್ದು ಎರಡು ಮತ್ತು ನಾಲ್ಕನೇ ಎಣಿಕೆಗೆ, ಅಂದರೆ ಎದುರಿಗಿರುವ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವ ಜಾಗಕ್ಕೆ ಬರುತ್ತಿದೆ ಅಂತ ತಿಳಿದು ಬಾರಿಸಿ. ಒಂದನ್ನು ನೀವೇ ಹುಡುಕಿಕೊಳ್ಳಬೇಕು. ನನಗೆ ಇದು ಹತ್ತೋದಕ್ಕೆ ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು.

ಇದಕ್ಕೆ ದಿನಾ ಇಪ್ಪತ್ತು ನಿಮಿಷ ಸಾಕು. ಇನ್ನಿಪ್ಪತ್ತು ನಿಮಿಷ ರಬ್ಬರ್ ಪ್ಯಾಡ್ ಮೇಲೆ. ಪ್ಯಾಡ್ ಅಂದರೆ ಆರ್ಕೆಸ್ಟ್ರಾದವರ ಕರೆಂಟ್ ಪ್ಯಾಡ್ ಅಲ್ಲ! ನನ್ನ ಮೊದಲ ಪ್ಯಾಡ್ ಹಲಸಿನ ಹಲಗೆಗೆ ಹಳೇ ಲಾರಿ ಟ್ಯೂಬ್ ಬಿಗಿಯಾಗಿ ಎಳೆದು ಮೊಳೆ ಹೊಡೆದದ್ದು. ದಿಂಬಿನ ಮೇಲೂ ಬಾರಿಸಬಹುದು, ಮಣಿಕಟ್ಟಿಗೆ ಬಲ ಬರುತ್ತದೆ, ಆದರೆ ಅಲ್ಲಿ ಸ್ಟಿಕ್ ಪುಟಿಯುವುದಿಲ್ಲ, ಪುಟಿತ ಇಲ್ಲದೆ ಡಬಲ್ ಸ್ಟ್ರೋಕ್, ಅಂದರೆ ಒಂದೇ ಕೈಯಲ್ಲಿ ಎರಡೆರಡು ಪೆಟ್ಟು, ಕಲಿಯುವುದು ಸುಳ್ಳು. ರುಡಿಮೆಂಟ್ಸ್, ಅಂದರೆ ಕೈಯ ಮೂಲ ಪಾಠಗಳ ಪಟ್ಟಿಯಲ್ಲಿ 40 ಇವೆ, ಹೆದರಬೇಡಿ. ಸಿಂಗಲ್, ಡಬಲ್ ಮತ್ತು ಪ್ಯಾರಡಿಡಲ್, ಅಂದರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಈ ವರ್ಷಕ್ಕೆ ಇಷ್ಟೇ ಸಾಕು. ಉಳಿದ ಹೊತ್ತು ನಿಮ್ಮಿಷ್ಟದ ಹಾಡು, ಆದರೆ ವಾರಕ್ಕೊಮ್ಮೆ ಹಾಡಿಲ್ಲದೆ ಬರೀ ನಿಮ್ಮ ಡ್ರಮ್ಸ್ ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬೇಜಾರಾಗುತ್ತದೆ, ಆಗಲಿ.

ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಪಕ್ಕದವರು ಗಲಾಟೆ ಮಾಡುತ್ತಾರೆ ಅಂತಲೂ ಬರೆದಿದ್ದೀರಿ. ನಮ್ಮೂರಲ್ಲಿ ಜೂನ್ ಜುಲೈನಲ್ಲಿ ತಗಡಿನ ಶೀಟ್ ಮೇಲೆ ಮಳೆ ಬಾರಿಸುವ ಸದ್ದಿನಲ್ಲಿ ನನ್ನ ಡ್ರಮ್ಸ್ ಯಾರಿಗೂ ಕೇಳುತ್ತಿರಲಿಲ್ಲ, ಆ ಸೌಭಾಗ್ಯ ನಿಮಗಿಲ್ಲ. ಡ್ರಮ್ ಮೇಲೆ ದಪ್ಪ ಟವೆಲ್ ಹಾಸಿ, ಸಂಜೆ ಏಳರೊಳಗೆ ಮುಗಿಸಿ. ಥಂಡಿಗೆ ಚರ್ಮ ಸಡಿಲವಾಗುತ್ತದೆ ಅಂತ ಡೊಳ್ಳಿನವರು ಬೆಂಕಿಗೆ ಹಿಡಿಯುತ್ತಾರೆ, ನಿಮ್ಮದು ಪ್ಲಾಸ್ಟಿಕ್ ಹಾಳೆ, ಆ ತಾಪತ್ರಯ ಇಲ್ಲ. ಸ್ನೇರ್ ಕೆಳಗಿನ ತಂತಿ ಮಾತ್ರ ತುಕ್ಕು ಹಿಡಿಯುತ್ತದೆ, ಒರೆಸಿ ಇಡಿ.

ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನುವ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ, ಮುಚ್ಚಿದ ರೂಮಿನಲ್ಲಿ ಡ್ರಮ್ಸ್ ಸುಲಭವಾಗಿ ಅಷ್ಟಕ್ಕೆ ಮುಟ್ಟುತ್ತದೆ. ನಾನು ಹಾಕಿಕೊಳ್ಳಲಿಲ್ಲ. ಹೈ-ಹ್ಯಾಟ್ ಕಡೆಯ ಎಡಗಿವಿಯಲ್ಲಿ ಈಗಲೂ ರಾತ್ರಿ ಮಲಗಿದರೆ ಒಂದು ಜೀರುಂಡೆ ಕೂಗುತ್ತಿರುತ್ತದೆ, ಬೇಸಿಗೆಯಲ್ಲೂ.