ಮಗುವಿನ ವಪೆಯ ಹರ್ನಿಯಾ: ಔಷಧಿ ಸಾಕೇ?

ಪ್ರಶ್ನೆ: ನಮ್ಮ ಎಂಟು ತಿಂಗಳ ಮಗುವಿಗೆ ಪದೇ ಪದೇ ಉಬ್ಬಸ ಬರುತ್ತಿದ್ದು, ಎಕ್ಸ್‌ರೇಯಲ್ಲಿ ಎಡ ಎದೆಯೊಳಗೆ ಕರುಳು ಕಾಣಿಸಿದೆ. ಔಷಧಿಯಿಂದಲೇ ಗುಣವಾಗದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯಲ್ಲಿ ಹುಟ್ಟಿನಿಂದಲೇ ಉಳಿದ ರಂಧ್ರವನ್ನು ಯಾವ ಔಷಧಿಯೂ ಮುಚ್ಚಲಾರದು. ಆ ರಂಧ್ರದ ಮೂಲಕ ಕರುಳು ಎದೆಯೊಳಗೆ ನುಗ್ಗುವುದೇ ಈ ಹರ್ನಿಯಾ. ಅಲ್ಲಿ ಕರುಳು ತಿರುಚಿಕೊಂಡು ರಕ್ತಸಂಚಾರ ನಿಂತರೆ ಪ್ರಾಣಕ್ಕೇ ಅಪಾಯವಾದ್ದರಿಂದ, ದಯವಿಟ್ಟು ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಸಂದೇಹವಿದ್ದರೆ ಸಿ.ಟಿ. ಸ್ಕ್ಯಾನ್, ಜೊತೆಗೆ ಹೃದಯದ ಎಕೋ ಮಾಡಿಸುತ್ತಾರೆ. ಮಕ್ಕಳ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಪಕ್ಕೆಲುಬಿನ ಕೆಳಗೆ ಕೊಯ್ದು, ಕರುಳನ್ನು ಮೆಲ್ಲನೆ ಹೊಟ್ಟೆಗೆ ಇಳಿಸಿ, ರಂಧ್ರದ ಅಂಚುಗಳನ್ನು ಕರಗದ ದಾರದಿಂದ ಹೊಲಿಯುತ್ತಾರೆ; ರಂಧ್ರ ದೊಡ್ಡದಿದ್ದರೆ ಕೃತಕ ತೇಪೆ ಹಾಕುತ್ತಾರೆ. ತಡವಾಗಿ ಪತ್ತೆಯಾದ ಮಕ್ಕಳಲ್ಲಿ ಶ್ವಾಸಕೋಶ ಬಹುಮಟ್ಟಿಗೆ ಚೆನ್ನಾಗಿ ಬೆಳೆದಿರುವುದರಿಂದ ಚೇತರಿಕೆಯ ಭರವಸೆ ಹೆಚ್ಚು. ಅಷ್ಟರೊಳಗೆ ಹಸಿರು ವಾಂತಿ ಅಥವಾ ಏದುಸಿರು ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.