ಖಾಲಿ ಗೋಡೆಗೆ ಏನು ತೂಗಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಬಾಡಿಗೆ ಮನೆಯೊಂದಕ್ಕೆ ಬಂದು ಆರು ತಿಂಗಳಾಯಿತು. ಹಾಲ್‌ ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲವಿದೆ. ಅಲಂಕಾರಕ್ಕೆಂದು 25,000 ರೂಪಾಯಿ ತೆಗೆದಿಟ್ಟಿದ್ದೇವೆ. ಅಂಗಡಿಯವರು ಸೋಫಾ, ಟೀಪಾಯಿ, ಗೋಡೆಗೆ ಮೂರು ಚಿತ್ರ ಎಲ್ಲವನ್ನೂ ಒಂದೇ ಸೆಟ್ಟಾಗಿ ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಹತ್ತು ವರ್ಷ ಕಳೆದರೂ ಹಳತೆನಿಸದಂತೆ ಮನೆಯನ್ನು ಹೇಗೆ ಸಜ್ಜುಗೊಳಿಸಬಹುದು?
— ಓದುಗಿ, ವಿರಾಜಪೇಟೆ

ಉತ್ತರ: ಮೊದಲನೆಯದಾಗಿ, ಆ ಸೆಟ್ಟನ್ನು ಬಿಟ್ಟುಬಿಡಿ. ಸೆಟ್ಟಾಗಿ ಕೊಂಡದ್ದು ಸೆಟ್ಟಾಗಿಯೇ ಹಳತಾಗುತ್ತದೆ; ಒಂದು ಕುರ್ಚಿ ಮುರಿದರೆ ಉಳಿದವೆಲ್ಲ ಅನಾಥವಾಗಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಇಂತಹ ಅಗ್ಗದ ಸಾಮಾನುಗಳಲ್ಲಿ ಹೆಚ್ಚಿನವು ಮರದ ಹೊಟ್ಟನ್ನೋ ನಾರನ್ನೋ ಅಂಟಿನಿಂದ ಒತ್ತಿದ ಹಲಗೆಯವು. ಒಣ ಊರಿನಲ್ಲಿ ಅವು ಹೇಗೋ ಬಾಳುತ್ತವೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ನಮ್ಮ ಕೊಡಗಿನಲ್ಲಿ ಅಂಚಿನಿಂದ ನೀರು ಹೀರಿ ಉಬ್ಬಿಕೊಳ್ಳುತ್ತವೆ, ಮತ್ತು ಒಮ್ಮೆ ಉಬ್ಬಿದ ಹಲಗೆಯನ್ನು ಯಾವ ಆಚಾರಿಯೂ ಸರಿಪಡಿಸಲಾರ.

ಐನ್‌ಮನೆಯ, ಅಂದರೆ ಕೊಡವರ ಹಳೆಯ ಕುಲಮನೆಯ, ಕಯ್ಯಾಲೆ ಎಂಬ ಜಗಲಿಯಲ್ಲಿ ಕುಳಿತವರಿಗೆ ಕಂಬಗಳ ನಡುವೆ ಹಾಸಿದ ‘ಐಮರ’ ಎಂಬ ಅಗಲವಾದ ಹಲಗೆ ನೆನಪಿರುತ್ತದೆ. ಅದಕ್ಕೆ ಕೆತ್ತನೆಯಿಲ್ಲ, ಮೆತ್ತೆಯಿಲ್ಲ; ತಲೆಮಾರುಗಳು ಕೂತು ಎದ್ದು ನುಣುಪಾದ ಮರ ಅಷ್ಟೇ. ಅದು ಎಂದೂ ಹಳತೆನಿಸದಿರಲು ಕಾರಣ ವಿನ್ಯಾಸಕ್ಕಿಂತ ಹೆಚ್ಚಾಗಿ ಮರವೇ. ಆದುದರಿಂದ ನಿಮ್ಮ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಲಸು ಅಥವಾ ಹೊನ್ನೆಯ ಒಂದೇ ಒಂದು ಹಳೆಯ ಬೆಂಚಿಗೋ ಬೆತ್ತದ ಎರಡು ಕುರ್ಚಿಗಳಿಗೋ ಮೀಸಲಿಡಿ. ಹಳೆಯ ಮನೆಗಳನ್ನು ಬಿಚ್ಚುವಾಗ, ಪಾಲಾಗುವಾಗ ಇಂತಹವು ಹೊರಬರುತ್ತವೆ. ಕೊಳ್ಳುವ ಮೊದಲು ತಲೆಕೆಳಗು ಮಾಡಿ ನೋಡಿ: ಸಣ್ಣ ಸಣ್ಣ ರಂಧ್ರಗಳಿದ್ದು ಅವುಗಳ ಕೆಳಗೆ ಹಿಟ್ಟಿನಂತಹ ಹೊಸ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ, ಅದನ್ನು ಮನೆಗೆ ತರಬೇಡಿ. ಕಾಲು ಅಲುಗಾಡುತ್ತಿದ್ದರೆ ಹೆದರಬೇಕಿಲ್ಲ, ಬಿಗಿ ಮಾಡಿಸಬಹುದು. ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು. ರಸ್ತೆಬದಿಯಲ್ಲಿ ಮಾರುವ, ಕಾಫಿ ಗಿಡದ ಬುಡದ ಮೇಲೆ ಗಾಜಿಟ್ಟ ಟೀಪಾಯಿಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಅವು ಗಟ್ಟಿಯಾಗಿರುತ್ತವೆ ನಿಜ, ಆದರೆ ಹತ್ತು ಅಡಿ ಅಗಲದ ಹಾಲ್‌ನಲ್ಲಿ ಆ ಬೇರುಗಳೇ ಕಣ್ಣು ತುಂಬಿಬಿಡುತ್ತವೆ, ನನಗಂತೂ ಹಿಡಿಸುವುದಿಲ್ಲ.

ಇನ್ನು ಗೋಡೆ. ಅಂಗಡಿಯ ಸಿದ್ಧ ಚಿತ್ರಗಳಿಗೆ ಹಣ ಸುರಿಯುವ ಬದಲು ಹಕ್ಕುಸ್ವಾಮ್ಯ ಮುಗಿದಿರುವ ಹಳೆಯ ಚಿತ್ರಗಳನ್ನು ನೀವೇ ಮುದ್ರಿಸಿಕೊಳ್ಳಿ. ನಮ್ಮ ದೇಶದ ಕಾನೂನಿನಂತೆ ಕಲಾವಿದ ತೀರಿಕೊಂಡ ಅರವತ್ತು ವರ್ಷಗಳ ಬಳಿಕ ಕೃತಿ ಎಲ್ಲರ ಸ್ವತ್ತಾಗುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳು ಎಲ್ಲೆಡೆ ಸಿಗುವುದು ಇದರಿಂದಲೇ. ಆದರೆ ನಿಮ್ಮ ಮನೆಗೆ ನಾನು ಬೇರೊಂದನ್ನು ಹೇಳುತ್ತೇನೆ. 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಸಸ್ಯಗಳನ್ನು ಕುರಿತ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥದಲ್ಲಿ ಕರಿಮೆಣಸು, ಏಲಕ್ಕಿ, ಹಲಸು ಮೊದಲಾದವುಗಳ ಕಪ್ಪು-ಬಿಳುಪು ರೇಖಾಚಿತ್ರಗಳಿವೆ. ಗ್ರಂಥಾಲಯಗಳ ಜಾಲತಾಣಗಳಲ್ಲಿ ಅವು ಉಚಿತವಾಗಿ ದೊರೆಯುತ್ತವೆ. ಹಿತ್ತಲಿನಲ್ಲಿ ಬೆಳೆಯುವ ಬಳ್ಳಿಯೇ ಮುನ್ನೂರು ವರ್ಷ ಹಿಂದಿನ ಗೆರೆಗಳಲ್ಲಿ ಗೋಡೆಯ ಮೇಲಿದ್ದರೆ ಬಂದವರು ಹತ್ತಿರ ಹೋಗಿ ನೋಡದೆ ಇರಲಾರರು. ‘ಎ3’ ಅಳತೆಯಲ್ಲಿ ಸ್ಪಷ್ಟವಾಗಿ ಮೂಡಬೇಕಾದರೆ ಚಿತ್ರದ ಕಡತ ಸುಮಾರು 3500 × 4960 ಪಿಕ್ಸೆಲ್‌ ಇರಬೇಕು. ಹೊಳಪಿನ ಕಾಗದ ಬೇಡ, ಮಂದ ಕಾಗದದಲ್ಲಿ ಮುದ್ರಿಸಿ.

ಮೂರು ಚಿತ್ರಗಳಿಗೆ ಸುತ್ತಲೂ ಎರಡು ಅಂಗುಲದ ಮೌಂಟ್‌ (ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಅಂಚು) ಮತ್ತು ತೆಳುವಾದ ಫ್ರೇಮ್‌ ಹಾಕಿಸಿ, ನಡುವೆ ಎರಡೆರಡು ಅಂಗುಲ ಬಿಟ್ಟರೆ ಒಟ್ಟು ಅಗಲ ಸುಮಾರು ನಾಲ್ಕೂವರೆ ಅಡಿಯಾಗುತ್ತದೆ. ಕೆಳಗಿನ ಬೆಂಚಿನ ಉದ್ದದ ಮೂರರಲ್ಲಿ ಎರಡು ಪಾಲು ಚಿತ್ರಗಳಿರಬೇಕೆಂಬುದು ರೂಢಿಯಾದುದರಿಂದ, ಆರೂವರೆ ಅಡಿಯ ಬೆಂಚಿಗೆ ಇದು ಹೊಂದುತ್ತದೆ. ಚಿತ್ರದ ನಡುಮಧ್ಯ ನೆಲದಿಂದ 57 ಅಂಗುಲದ ಆಸುಪಾಸಿನಲ್ಲಿರಲಿ. ನಮ್ಮವರು ದೇವರ ಪಟದ ಅಭ್ಯಾಸದಿಂದ ಎಲ್ಲವನ್ನೂ ಬಾಗಿಲಿನ ಮೇಲ್ಪಟ್ಟಿಯ ಮಟ್ಟಕ್ಕೆ ಏರಿಸಿಬಿಡುತ್ತಾರೆ. ಕತ್ತೆತ್ತಿ ನೋಡುವ ಚಿತ್ರವನ್ನು ಮೂರನೆಯ ದಿನದಿಂದ ಯಾರೂ ನೋಡುವುದಿಲ್ಲ. ಬಾಡಿಗೆ ಮನೆಯಾದ ಕಾರಣ ಗೋಡೆ ಕೊರೆಯುವ ಮೊದಲು ಮಾಲೀಕರನ್ನು ಒಂದು ಮಾತು ಕೇಳಿಕೊಳ್ಳಿ.

ಪ್ರಶ್ನೆ: ಪ್ರತಿ ಮಳೆಗಾಲದಲ್ಲೂ ಗೋಡೆಯ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಕಾಗದ ಅಲೆಯಲೆಯಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಚಿತ್ರ ಹಾಕುವುದನ್ನೇ ಬಿಡಬೇಕೆ?
— ಓದುಗರು, ಮಡಿಕೇರಿ

ಉತ್ತರ: ಬಿಡಬೇಕಿಲ್ಲ, ಗೋಡೆಯನ್ನು ಬದಲಿಸಿ. ಇದನ್ನು ನಾನು ಕಲಿತದ್ದು ನಷ್ಟದಿಂದಲೇ. ಸ್ನೇಹಿತೆಯೊಬ್ಬರು ಬರೆದುಕೊಟ್ಟ ಜಲವರ್ಣದ ಚಿತ್ರವನ್ನು ಪಟ್ಟಣದ ಅಂಗಡಿಯೊಂದರಲ್ಲಿ ಕಟ್ಟು ಹಾಕಿಸಿ ಪಶ್ಚಿಮದ ಹೊರಗೋಡೆಗೆ ತೂಗಿದ್ದೆ. ಆಗಸ್ಟ್‌ನಲ್ಲಿ ಕೆಳಗಿಳಿಸಿದಾಗ ಹಿಂಬದಿಯ ಹಲಗೆಯ ಮೇಲೆ ಹಸಿರು-ಬೂದು ಬಣ್ಣದ ವೃತ್ತಗಳಿದ್ದವು, ಚಿತ್ರದ ಆಕಾಶದ ಭಾಗವನ್ನು ಬೆಳ್ಳಿಬಣ್ಣದ ಹುಳುಗಳು ಕೆರೆದು ತೆಳುವಾಗಿಸಿದ್ದವು. ಬಿಚ್ಚಿ ನೋಡಿದರೆ, ಕಟ್ಟು ಹಾಕಿದವರು ಕಾಗದವನ್ನು ಮೈದಾ ಗೋಂದಿನಿಂದ ಹಲಗೆಗೆ ಪೂರ್ತಿ ಅಂಟಿಸಿದ್ದರು. ಪಿಷ್ಟ ತಿನ್ನುವ ಆ ಹುಳುಗಳಿಗೆ ಅದು ಬಡಿಸಿಟ್ಟ ಊಟ.

ಗಾಳಿಮಳೆ ನೇರವಾಗಿ ಬಡಿಯುವ ಹೊರಗೋಡೆಗೆ ಕಾಗದದ ಯಾವ ಚಿತ್ರವನ್ನೂ ಹಾಕಬೇಡಿ; ಎರಡು ಕೋಣೆಗಳ ನಡುವಿನ ಒಳಗೋಡೆಯೇ ಅವುಗಳ ಸ್ಥಳ. ಕಟ್ಟು ಹಾಕಿಸುವಾಗ ಅಂಗಡಿಯಲ್ಲೇ ನಿಂತು ಎರಡು ಮಾತು ಹೇಳಿ. ಒಂದು, ಗಾಜಿಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್‌ ಬೋರ್ಡ್‌ ಇರಲಿ, ಗಾಜಿನ ಒಳಮೈಯಲ್ಲಿ ಕೂರುವ ತೇವ ಆಗ ಕಾಗದವನ್ನು ಮುಟ್ಟುವುದಿಲ್ಲ. ಇನ್ನೊಂದು, ಚಿತ್ರವನ್ನು ಪೂರ್ತಿ ಅಂಟಿಸದೆ ಮೇಲಂಚಿಗೆ ಎರಡು ಚಿಕ್ಕ ಕಾಗದದ ಪಟ್ಟಿಗಳನ್ನು ಹಚ್ಚಿ ತೂಗುಬಿಡಲಿ. ಮಳೆಗಾಲದಲ್ಲಿ ಹಿಗ್ಗುವ ಕಾಗದಕ್ಕೆ ಹಿಗ್ಗಲು ಜಾಗ ಬೇಕು. ಸೆಲ್ಲೋಟೇಪ್‌ ಬೇಡವೇ ಬೇಡ, ಅದು ಹಳದಿ ಕಲೆಯನ್ನು ಶಾಶ್ವತವಾಗಿ ಉಳಿಸುತ್ತದೆ. ಮನೆಗೆ ತಂದ ಮೇಲೆ ಹಳೆಯ ಬಾಟಲಿಯ ಬಿರಡೆಯನ್ನು ಬಿಲ್ಲೆಗಳಾಗಿ ಕತ್ತರಿಸಿ ಫ್ರೇಮಿನ ಹಿಂದಿನ ನಾಲ್ಕು ಮೂಲೆಗಳಿಗೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಖರ್ಚಿಲ್ಲದ ಈ ಉಪಾಯದಿಂದ ನನ್ನ ಉಳಿದ ಚಿತ್ರಗಳು ಬದುಕಿಕೊಂಡಿವೆ.

ಈಗಾಗಲೇ ಬೂಷ್ಟು ಬಂದಿದ್ದರೆ ಮಳೆ ಬಿಟ್ಟ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ನೆರಳಿನಲ್ಲಿ ಬಿಚ್ಚಿ ಒಣಗಿಸಿ, ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ಗುಡಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದ ಒಳಕ್ಕೇ ಇಳಿಯುತ್ತದೆ.

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಮನೆಯಲ್ಲಿರುವ ಹಳೆಯ ಕಡವೆ ಕೊಂಬುಗಳನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಲ್‌ನ ಗೋಡೆಗೆ ಚೆನ್ನಾಗಿ ಕಾಣುವುದೆಂದು ಆಸೆ. ಕೊಳ್ಳಬಹುದೆ?
— ಓದುಗರು, ಸಿದ್ದಾಪುರ

ಉತ್ತರ: ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕೊಂಬನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಅಜ್ಜನ ಕಾಲದ ಕೊಂಬುಗಳನ್ನು ಅರಣ್ಯ ಇಲಾಖೆಗೆ ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆದ ಮನೆಗಳು ಕೊಡಗಿನಲ್ಲಿವೆ, ಆದರೆ ಆ ಪ್ರಮಾಣಪತ್ರ ಮಾರಾಟಕ್ಕೆ ಪರವಾನಗಿಯಲ್ಲ. ತೋಟದಲ್ಲಿ ಉದುರಿ ಬಿದ್ದ ಕೊಂಬು ಸಿಕ್ಕಿದರೂ ಮನೆಗೆ ಒಯ್ಯದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಆ ಗೋಡೆಗೆ ಮಲೆನಾಡಿನ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಿಂದ, ಕೆಮ್ಮಣ್ಣು ಮತ್ತು ಅಕ್ಕಿ ಹಿಟ್ಟಿನ ಬಣ್ಣಗಳಲ್ಲಿ ಬರೆಯುವ ಹಸೆ ಚಿತ್ತಾರವೊಂದನ್ನು ತರಿಸಿಕೊಳ್ಳಿ. ಈಗ ಕಾಗದದ ಮೇಲೂ ಬರೆದು ಕೊಡುತ್ತಾರೆ.

ಪ್ರಶ್ನೆ: ಅಜ್ಜ ಮದುವೆಯಲ್ಲಿ ಕುಪ್ಯದ (ಕೊಡವರ ನಿಲುವಂಗಿ) ಮೇಲೆ ಕಟ್ಟಿಕೊಂಡಿದ್ದ ಕೆಂಪು ರೇಷ್ಮೆಯ ಚೇಲೆ (ನಡುಪಟ್ಟಿ) ನಮ್ಮ ಪೆಟ್ಟಿಗೆಯಲ್ಲಿದೆ. ಒಂದು ಕಡೆ ಸೀಳಿದೆ. ಇದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಬಹುದೆ?
— ಓದುಗಿ, ಗೋಣಿಕೊಪ್ಪಲು

ಉತ್ತರ: ಹಾಕಬಹುದು, ಆದರೆ ಗೋಂದು ಮುಟ್ಟಿಸಬೇಡಿ. ತೊಳೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆಯನ್ನು ಹಲಗೆಗೆ ಬಿಗಿದು, ಅದರ ಮೇಲೆ ಚೇಲೆಯನ್ನು ಹರಡಿ, ತೆಳುವಾದ ರೇಷ್ಮೆ ದಾರದಿಂದ ಅಲ್ಲಲ್ಲಿ ಸಡಿಲವಾಗಿ ಹೊಲಿದು ನಿಲ್ಲಿಸಿ. ಸೀಳಿದ ಕಡೆ ಅಂಚುಗಳನ್ನು ಎಳೆದು ಕೂಡಿಸದೆ, ಹಾಗೆಯೇ ಕೆಳಗಿನ ಬಟ್ಟೆಗೆ ಹೊಲಿಯಿರಿ. ಗಾಜು ಜರಿಗೆ ತಾಗದಷ್ಟು ಆಳವಾದ ಫ್ರೇಮ್‌ ಬೇಕಾಗುತ್ತದೆ. ಹಳೆಯ ಕೆಂಪು ಬಿಸಿಲಿಗೆ ಬೇಗ ಮಾಸುವುದರಿಂದ ಕಿಟಕಿಯ ಎದುರಿನ ಗೋಡೆ ಸಲ್ಲದು. ಮುಂದೆ ಮನೆಯ ಹುಡುಗನೊಬ್ಬ ತನ್ನ ಮದುವೆಗೆ ಇದನ್ನೇ ಕಟ್ಟಿಕೊಳ್ಳುತ್ತೇನೆ ಎಂದರೆ ಆ ಸಡಿಲ ಹೊಲಿಗೆಗಳನ್ನು ಬಿಚ್ಚಿ ಕೊಡಬಹುದು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇಡುವುದಾದರೆ ಮಡಿಸಬೇಡಿ, ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಹತ್ತಿ ಬಟ್ಟೆ ಹೊದಿಸಿದ ಕೊಳವೆಯೊಂದಕ್ಕೆ ಸುತ್ತಿ ಇಡಿ.