ದೀಕ್ಷಾಸ್ನಾನ ಆದ್ಮೇಲೂ ಕೋಪ ಹೋಗಿಲ್ಲ, ನನ್ನ ನಂಬಿಕೆ ಕಮ್ಮಿನಾ?

ದಿನಾ ಬೈಬಲ್ ಓದ್ತೀರ, ಪ್ರಾರ್ಥನೆ ಮಾಡ್ತೀರ, ಆದ್ರೂ ಮನೇಲಿ ಕೂಗಾಡೋದು ನಿಂತಿಲ್ಲ, ಉಪವಾಸ ಜಾಸ್ತಿ ಮಾಡ್ಲಾ ಇಲ್ಲ ಬೇರೆ ಸಭೆಗೆ, ಅಂದ್ರೆ ಬೇರೆ ಚರ್ಚಿಗೆ, ಹೋಗ್ಲಾ ಅಂತ ಕೇಳಿದ್ದೀರ. ನಾನೂ ಇದೇ ಪ್ರಶ್ನೆ ಇಟ್ಕೊಂಡು ವರ್ಷಗಟ್ಟಲೆ ಒದ್ದಾಡಿದವನು.

ನಂಗೆ ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ದನ್ನ ಎಸೀತಿದ್ದೆ. ಕ್ರಿಸ್ತನನ್ನ ನಂಬಿದ ಹೊಸದ್ರಲ್ಲಿ ಅದು ನಿಜವಾಗ್ಲೂ ತಗ್ತು, ಆ ಖುಷೀಲಿ ಒಂದು ಭಾನುವಾರ ಆರಾಧನೇಲಿ ಎದ್ದು ನಿಂತು "ಕರ್ತನು ನನ್ನ ಕೋಪವನ್ನ ಬೇರು ಸಮೇತ ಕಿತ್ತುಹಾಕಿದ್ದಾನೆ" ಅಂತ ಸಾಕ್ಷಿ ಹೇಳ್ಬಿಟ್ಟೆ. ನಾನು ಎಡವಿದ್ದು ಅಲ್ಲೇ. ಸುಳ್ಳು ಹೇಳ್ದೆ ಅಂತಲ್ಲ, ಅವತ್ತಿಗೆ ಅದು ನಿಜಾನೇ. ಆದ್ರೆ ಅಷ್ಟು ವರ್ಷ ನನ್ನ ಸಿಟ್ಟು ತಿಂದ ಹೆಂಡ್ತಿ ಹತ್ರ ಒಂದ್ಸಲಾನೂ ಕ್ಷಮೆ ಕೇಳಿರ್ಲಿಲ್ಲ. ದೇವರ ಮುಂದೆ ದಿನಾ ಅಳ್ತಿದ್ದೆ, ದೇವರು ಕ್ಷಮಿಸಿದ್ಮೇಲೆ ಮುಗೀತು ಅಂದ್ಕೊಂಡಿದ್ದೆ, ಪಕ್ಕದಲ್ಲೇ ಇದ್ದ ಆಕೆ ಮುಂದೆ ಬಾಯಿ ಬಿಡ್ಲಿಲ್ಲ. ಆಮೇಲೆ ಸಿಟ್ಟು ವಾಪಸ್ ಬಂತು, ಬಂದಾಗ ಯಾರಿಗೂ ಹೇಳೋ ಹಾಗಿಲ್ಲ, ಯಾಕಂದ್ರೆ ಸಾಕ್ಷಿ ಆಗ್ಲೇ ಹೇಳಿ ಆಗಿದೆ. ಹೆಂಡ್ತಿ ಪಾಡು ಇನ್ನೂ ಕಷ್ಟ. ಸಭೇಲಿ ಎಲ್ರೂ ಆಕೆ ಕೈ ಹಿಡ್ಕೊಂಡು "ಬ್ರದರ್ ಎಷ್ಟು ಬದಲಾಗಿದ್ದಾರೆ ಸಿಸ್ಟರ್, ಸ್ತೋತ್ರ" ಅಂತಿದ್ರು, ಆಕೆ ಸುಮ್ನೆ ತಲೆ ಆಡಿಸ್ತಿದ್ಲು. ಇಲ್ಲ ಅಂದ್ರೆ ಯಾರು ನಂಬ್ತಿದ್ರು? ನನ್ನ ಸಾಕ್ಷಿ ಆಕೆ ಬಾಯಿ ಕಟ್ಟಿಹಾಕ್ತು.

ಒಂದು ರಾತ್ರಿ ಲೆಕ್ಕ ತಪ್ಪಿದ್ದಕ್ಕೆ ಮಗಳ ನೋಟ್‌ಬುಕ್ ಹಾಳೆ ಹರಿದೆ. ಬೆಳಿಗ್ಗೆ ನೋಡಿದ್ರೆ ಅವಳು ಆ ಹಾಳೇನ ಟೇಪ್ ಹಾಕಿ ಅಂಟಿಸಿ, ಕೆಳಗೆ ಅದೇ ಲೆಕ್ಕ ಮತ್ತೆ ಮಾಡಿದ್ಲು, ಅಕ್ಷರ ತೀರಾ ಚಿಕ್ಕದು, ಟೇಪ್ ಮೇಲೆ ಪೆನ್ಸಿಲ್ ಹತ್ತದೆ ಒಂದೊಂದು ಅಂಕಿನೂ ಒತ್ತಿ ಒತ್ತಿ ಬರೆದಿದ್ಲು. ಅದೇ ವಾರ ಹೆಂಡ್ತಿ ಅವಳನ್ನ ಕರ್ಕೊಂಡು ತವರಿಗೆ ಹೋದ್ಲು, ತುಂಬಾ ದಿನ ಬರ್ಲಿಲ್ಲ.

ಆಗ ಸಭೆಯ ಒಬ್ಬ ಹಿರಿಯರು ನಂಗೆ ಮತ್ತಾಯ 5:23-24 ತೆಗೆದು ಓದಿಸಿದ್ರು. ಕಾಣಿಕೆ ಯಜ್ಞವೇದಿ ಹತ್ರ ತಂದಾಗ ಸಹೋದರನ ಮನಸ್ಸಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡ್ಕೋ ಅಂತ ಯೇಸುನೇ ಹೇಳಿದ್ದು. ಎಷ್ಟು ಸಲ ಓದಿದ್ದೆನೋ, ಆ ಸಹೋದರನ ಜಾಗದಲ್ಲಿ ಹೆಂಡ್ತಿನ ಇಟ್ಟು ನೋಡೇ ಇರ್ಲಿಲ್ಲ.

ಹಾಗಾಗಿ ನಂಬಿಕೆ ಕಮ್ಮಿ, ಪ್ರಾರ್ಥನೆ ಸಾಲ್ದು ಅನ್ನೋ ನಿಮ್ಮ ಲೆಕ್ಕಾನೇ ನಾನು ಒಪ್ಪಲ್ಲ. ಮಾಡ್ಬೇಕು ಅನ್ನೋ ಒಳ್ಳೇದನ್ನ ಮಾಡಲ್ಲ, ಬೇಡ ಅನ್ನೋ ಕೆಟ್ಟದ್ದನ್ನೇ ಮಾಡ್ತೀನಿ ಅಂತ ರೋಮಾ 7ರಲ್ಲಿ ಬರೆದ, ಯೇಸುವಿನ ಅಪೊಸ್ತಲ ಪೌಲನಿಗೆ ನಂಬಿಕೆ ಇರ್ಲಿಲ್ವಾ? ಇನ್ನು ಉಪವಾಸ, ಯೆಶಾಯ 58 ಓದಿ, ಉಪವಾಸ ಇದ್ದೇ ಜಗಳ ಆಡೋರಿಗೆ ದೇವರು ಏನಂತಾರೆ ನೋಡಿ. ಜಕ್ಕಾಯ ಅನ್ನೋ ತೆರಿಗೆ ವಸೂಲಿಗಾರ ಯೇಸು ಮುಂದೆ ಎದ್ದು ನಿಂತು ಹೇಳಿದ್ದು, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಅಂದಿದ್ದು ಅದಾದ್ಮೇಲೆ.

ಮೊದಲು ಮನೆಯವರ ಮುಂದೆ ಕೂತು ಏನೇನು ಮಾಡಿದ್ರಿ ಅಂತ ಹೆಸರಿಟ್ಟು ಹೇಳಿ ಕ್ಷಮೆ ಕೇಳಿ. "ಏನಾದ್ರೂ ತಪ್ಪಾಗಿದ್ರೆ" ಅನ್ಬೇಡಿ. ಅವರು ತಕ್ಷಣ ಕ್ಷಮಿಸ್ಬೇಕು ಅಂತ ವಾಕ್ಯ ತೋರಿಸಿ ಒತ್ತಾಯ ಮಾಡೋದಂತೂ ಬೇಡ್ವೇ ಬೇಡ. ಆಮೇಲೆ ಸಭೇಲಿ ಒಬ್ಬರನ್ನ ಹುಡುಕಿ ಪ್ರತಿ ವಾರ ಅವರಿಗೆ ಇದ್ದಿದ್ದು ಇದ್ದ ಹಾಗೆ ಒಪ್ಪಿಸಿ, ಅವರು ನಿಮ್ಮ ಮನೆಯವರ ಹತ್ರಾನೂ ನೇರವಾಗಿ ಕೇಳೋ ಹಾಗಿರ್ಬೇಕು. ಇದು ಹೊಸದೇನಲ್ಲ, 1738ರಲ್ಲೇ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ ಪ್ರತಿ ಸಲ ಕೇಳಬೇಕಾದ ಮೊದಲನೇ ಪ್ರಶ್ನೆನೇ, ಕಳೆದ ಸಲ ಸೇರಿದ್ಮೇಲೆ ಗೊತ್ತಿದ್ದೂ ಯಾವ ಪಾಪ ಮಾಡಿದ್ರಿ ಅಂತ. ಯಾಕೋಬ 5:16 ಹೇಳೋದೂ ಅದನ್ನೇ, ಒಬ್ಬರಿಗೊಬ್ಬರು ಅರಿಕೆ ಮಾಡಿ. ನನ್ನ ಸಿಟ್ಟು ಇಳಿಯೋಕೆ ಶುರುವಾಗಿದ್ದು ಹಾಗೆ, ಇವತ್ತಿಗೂ ವಾರಕ್ಕೊಮ್ಮೆ ಆ ಹಿರಿಯರ ಮುಂದೆ ಕೂತ್ಕೋತೀನಿ. ಕೈ ಮಾಡೋವರೆಗೂ ಹೋಗಿದ್ರೆ ಇಷ್ಟೇ ಸಾಲ್ದು, ಮನೆಯವರು ಸ್ವಲ್ಪ ದಿನ ದೂರ ಇರ್ಲಿ, ನೀವು ಕೌನ್ಸೆಲರ್ ಹತ್ರಾನೂ ಹೋಗಿ.

ಬೇರೆ ಸಭೆ ಈಗ ಬೇಡ. ಹೊಸ ಜಾಗದಲ್ಲಿ ನಿಮ್ಮ ಹಳೇದು ಯಾರಿಗೂ ಗೊತ್ತಿರಲ್ಲ, ಕೇಳೋರೂ ಇರಲ್ಲ, ನಿಮ್ಮ ಮನೆಯವರಿಗೆ ಪರಿಚಯದ ಒಂದು ಮುಖಾನೂ ಇರಲ್ಲ.